ಸಂಘ ಕಟ್ಟಿದ್ದಕ್ಕೆ ಕೋರ್ಟ್ ನೋಟಿಸು: ಗಾರ್ಮೆಂಟ್ ಕಾರ್ಮಿಕರ ಬಾಯಿಗೆ ಕಾನೂನಿನ ಬೀಗ

ಬೆಂಗಳೂರು: 2006ರ ಜುಲೈ ತಿಂಗಳ ಕೊನೆಯಲ್ಲಿ ನಗರದ ನ್ಯಾಯಾಲಯವೊಂದು ಹೊರಡಿಸಿದ ತಾತ್ಕಾಲಿಕ ತಡೆಯಾಜ್ಞೆ ರಾಜ್ಯದ ಸಿದ್ಧ ಉಡುಪು ಉದ್ಯಮದ ಚರಿತ್ರೆಯಲ್ಲಿ ಇಂದಿಗೂ ಚರ್ಚೆಯ ವಸ್ತುವಾಗಿದೆ. ಜೀನ್ಸ್ ತಯಾರಿಸುವ ಫೈಬರ್ಸ್ ಅಂಡ್ ಫ್ಯಾಬ್ರಿಕ್ಸ್ ಇಂಟರ್‌ನ್ಯಾಷನಲ್ ಹಾಗೂ ಅದರ ಅಂಗಸಂಸ್ಥೆ ಜೀನ್ಸ್ ನಿಟ್ ಕಂಪನಿಗಳು ಈ ಆಜ್ಞೆಯನ್ನು ಪಡೆದಿದ್ದವು. ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್, ನ್ಯೂ ಟ್ರೇಡ್ ಯೂನಿಯನ್ ಇನಿಷಿಯೇಟಿವ್, ಸಿವಿಡೆಪ್, ಮಹಿಳಾ ಕಾರ್ಮಿಕರ 'ಮುನ್ನಡೆ' ಮೊದಲಾದ ಸಂಘಟನೆಗಳು ಪ್ರತಿವಾದಿಗಳಾಗಿದ್ದವು. ಈ ಕಾರ್ಖಾನೆಗಳ ಒಳಗಿನ ದುಡಿಮೆಯ ಸ್ಥಿತಿಗತಿಯ ಬಗ್ಗೆ ಹೊರಗೆ ಯಾರಿಗೂ ಮಾಹಿತಿ ಹಂಚಬಾರದು ಎಂಬುದು ಆಜ್ಞೆಯ ತಿರುಳು.

ಕಾರ್ಮಿಕ ಸಂಘವೊಂದಕ್ಕೆ ಇಂಥ ಆಜ್ಞೆಯ ಅರ್ಥವೇನೆಂಬುದನ್ನು ವಿವರಿಸಬೇಕಾಗಿಲ್ಲ. ಮಾತಾಡುವುದೇ ಅದರ ಕೆಲಸ. ಗೇಟಿನ ಬಳಿ ಕರಪತ್ರ ಹಂಚುವುದು, ಪತ್ರಿಕೆಗಳಿಗೆ ಹೇಳಿಕೆ ನೀಡುವುದು, ವಿದೇಶದ ಖರೀದಿದಾರರಿಗೆ ಪತ್ರ ಬರೆಯುವುದು ಇವೆಲ್ಲ ನಿಂತುಹೋದರೆ ಸಂಘಕ್ಕೆ ಉಳಿಯುವುದು ರಸೀದಿ ಪುಸ್ತಕ ಮತ್ತು ಬೋರ್ಡು ಮಾತ್ರ. ಅಂದು ಸಂಘಟನೆಗಳು ಮಾಡಿದ್ದ ಆರೋಪಗಳು ಸಣ್ಣವೇನೂ ಆಗಿರಲಿಲ್ಲ. ಟಾರ್ಗೆಟ್ ಮುಟ್ಟದವರಿಗೆ ಬೈಗುಳ, ದೈಹಿಕ ದೌರ್ಜನ್ಯ, ಕೂಲಿಯಿಲ್ಲದ ಹೆಚ್ಚುವರಿ ದುಡಿಮೆ ನಡೆಯುತ್ತಿವೆ ಎಂದು ಅವು ಹೇಳಿದ್ದವು. ಕಂಪನಿ ಇವನ್ನು ಅಲ್ಲಗಳೆದಿತ್ತು. ಯಾರು ಹೇಳಿದ್ದು ನಿಜ ಎಂಬುದನ್ನು ಸಾಕ್ಷ್ಯ ವಿಚಾರಣೆಯಿಂದ ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ವಿಚಾರಣೆ ಮುಗಿಯುವ ಬಹಳ ಮುಂಚೆಯೇ ಒಂದು ಪಕ್ಷ ಬಾಯಿ ಮುಚ್ಚಬೇಕಾಗಿ ಬಂತು.

'ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ' ಎಂಬ ನಮ್ಮ ಹಳೆಯ ಮಾತಿದೆ. ಈ ಬಗೆಯ ದಾವೆಗಳ ಮರ್ಮವೂ ಅದೇ. ದಾವೆ ಹೂಡಿದವರು ಗೆಲ್ಲಲೇಬೇಕೆಂದೇನಿಲ್ಲ. ಎದುರಾಳಿ ವಾಯಿದೆಯಿಂದ ವಾಯಿದೆಗೆ ಅಲೆದರೆ ಸಾಕು. ವಕೀಲರ ಶುಲ್ಕಕ್ಕೆ ಸಾಲ ಮಾಡಿ, ಕೆಲಸದ ದಿನದ ಕೂಲಿ ಕಳೆದುಕೊಂಡು, ಕೊನೆಗೆ 'ಇದರ ಸಹವಾಸವೇ ಬೇಡ' ಎಂದು ಕೈತೊಳೆದುಕೊಂಡರೆ ದಾವೆಯ ಉದ್ದೇಶ ಈಡೇರಿದಂತೆಯೇ. ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ಜಾರ್ಜ್ ಪ್ರಿಂಗ್ ಮತ್ತು ಪೆನೆಲಪಿ ಕ್ಯಾನನ್ 1980ರ ದಶಕದಲ್ಲಿ ಇಂಥ ಮೊಕದ್ದಮೆಗಳಿಗೆ 'ಸ್ಲ್ಯಾಪ್' ಎಂದು ಹೆಸರಿಟ್ಟರು. ಸಾರ್ವಜನಿಕ ವಿಷಯಗಳಲ್ಲಿ ಜನರು ದನಿಯೆತ್ತದಂತೆ ತಡೆಯುವ ವ್ಯೂಹಾತ್ಮಕ ದಾವೆ ಎಂಬುದು ಅದರ ಭಾವಾರ್ಥ. ಇಂಗ್ಲಿಷಿನಲ್ಲಿ ಆ ಪದಕ್ಕೆ ಕಪಾಳಮೋಕ್ಷ ಎಂಬ ಅರ್ಥವೂ ಇರುವುದರಿಂದ ಹೆಸರು ಬೇಗ ಚಲಾವಣೆಗೆ ಬಂತು.

ಬಿನ್ನಿ ಮಿಲ್ಲಿನ ಹಳೆಯ ಪಾಠ

ಹೆಸರು ಹೊಸದಿರಬಹುದು, ಅಸ್ತ್ರ ಹಳೆಯದು. ನಮ್ಮ ದೇಶದ ಕಾರ್ಮಿಕ ಸಂಘ ಕಾನೂನು ಹುಟ್ಟಿದ್ದೇ ಇಂಥದೊಂದು ತಡೆಯಾಜ್ಞೆಯ ಹಿನ್ನೆಲೆಯಲ್ಲಿ ಎಂಬುದನ್ನು ಅನೇಕರು ಮರೆತಿದ್ದಾರೆ. ಮದರಾಸಿನಲ್ಲಿ 1918ರಲ್ಲಿ ಬಿ.ಪಿ.ವಾಡಿಯಾ ಅವರ ಮುಂದಾಳತ್ವದಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಸ್ಥಾಪನೆಯಾಯಿತು. ಸದಸ್ಯರಲ್ಲಿ ಹೆಚ್ಚಿನವರು ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಬಟ್ಟೆ ಗಿರಣಿಯ ಕೆಲಸಗಾರರು. ಆ ಗಿರಣಿಯನ್ನು ನಡೆಸುತ್ತಿದ್ದುದು ಬಿನ್ನಿ ಕಂಪನಿ. ಬೆಂಗಳೂರಿನ ಹಿರಿಯರು ಇಂದಿಗೂ ಬಿನ್ನಿ ಮಿಲ್ಲು ಎಂದು ನೆನೆಯುವ ಗಿರಣಿಯೂ ಇದೇ ಕಂಪನಿಯ ಆಡಳಿತದಲ್ಲಿತ್ತು. ಮದರಾಸಿನಲ್ಲಿ 1920-21ರ ವಿವಾದದ ಸಂದರ್ಭದಲ್ಲಿ ಗಿರಣಿಯವರು ವಾಡಿಯಾ ಮತ್ತು ಇತರ ಮುಖಂಡರ ವಿರುದ್ಧ ಹೈಕೋರ್ಟಿನಲ್ಲಿ ಪರಿಹಾರದ ದಾವೆ ಹೂಡಿ ತಡೆಯಾಜ್ಞೆ ತಂದರು. ಕಾರ್ಮಿಕರನ್ನು ಸಂಘಟಿಸುವುದೆಂದರೆ ಅವರು ಮಾಲೀಕರೊಂದಿಗೆ ಮಾಡಿಕೊಂಡ ಕರಾರನ್ನು ಮುರಿಯಲು ಪ್ರಚೋದಿಸಿದಂತೆ ಎಂಬುದು ವಾದ. ಕೊನೆಗೆ ವಾಡಿಯಾ ಸಂಘದಿಂದ ದೂರ ಸರಿಯಬೇಕಾಯಿತು.

ಈ ಪ್ರಕರಣ ದೇಶದ ಕಣ್ಣು ತೆರೆಸಿತು. ಎನ್.ಎಂ.ಜೋಷಿ ಅವರು 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಸಂಘಗಳಿಗೆ ಕಾನೂನಿನ ರಕ್ಷಣೆ ಬೇಕೆಂದು ಗೊತ್ತುವಳಿ ಮಂಡಿಸಿದರು. ಐದು ವರ್ಷಗಳ ಬಳಿಕ 1926ರ ಟ್ರೇಡ್ ಯೂನಿಯನ್ ಕಾಯ್ದೆ ಬಂತು. ನೋಂದಾಯಿತ ಸಂಘವು ಕಾರ್ಮಿಕ ವಿವಾದದ ಸಲುವಾಗಿ ಮಾಡಿದ ಕೆಲಸದಿಂದ ಮಾಲೀಕರ ವ್ಯಾಪಾರಕ್ಕೆ ಅಡ್ಡಿಯಾಯಿತು ಅಥವಾ ಕರಾರು ಮುರಿಯಿತು ಎಂಬ ಒಂದೇ ಕಾರಣಕ್ಕೆ ಸಿವಿಲ್ ದಾವೆ ಹೂಡುವಂತಿಲ್ಲ ಎಂದು ಅದರ 18ನೇ ಕಲಮು ಹೇಳಿತು. ಈ ಕಾಯ್ದೆಯ ಜಾಗಕ್ಕೆ ಈಗ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದ್ದು, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಹಳೆಯ ರಕ್ಷಣೆಯನ್ನು ಸಂಹಿತೆಯಲ್ಲಿಯೂ ಉಳಿಸಿಕೊಳ್ಳಲಾಗಿದೆ.

ಆದರೆ ಈ ರಕ್ಷಣೆಯ ಬೇಲಿಯಲ್ಲಿ ಒಂದು ದೊಡ್ಡ ಕಂಡಿಯಿದೆ. ಮಾನನಷ್ಟಕ್ಕೆ ಅದು ಅನ್ವಯಿಸುವುದಿಲ್ಲ. 'ಮುಷ್ಕರದಿಂದ ನನಗೆ ನಷ್ಟವಾಯಿತು' ಎಂದು ಸಂಘದ ಮೇಲೆ ದಾವೆ ಹೂಡುವುದು ಕಷ್ಟ. 'ನನ್ನ ಕಾರ್ಖಾನೆಯ ಬಗ್ಗೆ ಸುಳ್ಳು ಹೇಳಿ ನನ್ನ ಹೆಸರು ಕೆಡಿಸಿದರು' ಎಂದು ಹೂಡುವುದು ಸುಲಭ. ಸಂಘ ಕಟ್ಟಿದವರ ವಿರುದ್ಧದ ಕಾನೂನು ಸಮರ ಈ ಕಂಡಿಯ ಮೂಲಕವೇ ನುಗ್ಗುವುದು ಇದಕ್ಕಾಗಿ.

ತಡೆಯಾಜ್ಞೆ ದೊರೆಯುವ ಬಗೆ

ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 1 ಮತ್ತು 2ನೇ ನಿಯಮಗಳು ತಾತ್ಕಾಲಿಕ ತಡೆಯಾಜ್ಞೆಗೆ ಸಂಬಂಧಿಸಿದವು. ಮೇಲ್ನೋಟಕ್ಕೆ ಪ್ರಕರಣದಲ್ಲಿ ಹುರುಳಿದೆಯೇ, ಆಜ್ಞೆ ನೀಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಆ ಹಾನಿ ತುಂಬಿಕೊಡಲಾಗದಂಥದೇ ಎಂಬ ಮೂರು ಪ್ರಶ್ನೆಗಳನ್ನು ನ್ಯಾಯಾಧೀಶರು ನೋಡುತ್ತಾರೆ. ಸಾಮಾನ್ಯವಾಗಿ ಎದುರು ಪಕ್ಷಕ್ಕೆ ನೋಟಿಸು ನೀಡಬೇಕು. ತಡವಾದರೆ ಉದ್ದೇಶವೇ ಕೆಡುತ್ತದೆ ಎಂದು ಮನವರಿಕೆಯಾದಲ್ಲಿ, ಕಾರಣ ದಾಖಲಿಸಿ, ಒಂದೇ ಪಕ್ಷದ ಮಾತು ಕೇಳಿ ಆಜ್ಞೆ ನೀಡಬಹುದು. ಹಾಗೆ ನೀಡಿದಾಗ 30 ದಿನಗಳೊಳಗೆ ಅರ್ಜಿಯನ್ನು ತೀರ್ಮಾನಿಸಲು ನ್ಯಾಯಾಲಯ ಪ್ರಯತ್ನಿಸಬೇಕೆಂದು ನಿಯಮವಿದೆ. ಬಾಕಿ ಪ್ರಕರಣಗಳ ರಾಶಿ ಬಲ್ಲವರಿಗೆ ಈ 30 ದಿನದ ಬೆಲೆ ಎಷ್ಟೆಂದು ಗೊತ್ತು. ಆಜ್ಞೆ ಮೀರಿದರೆ ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಸೆರೆವಾಸ.

ಇದರ ಜತೆಗೆ ಕ್ರಿಮಿನಲ್ ಮಾನನಷ್ಟವಿದೆ. ಭಾರತೀಯ ದಂಡ ಸಂಹಿತೆಯ 499 ಮತ್ತು 500ನೇ ಕಲಮುಗಳಲ್ಲಿದ್ದ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿಗೆ ಬಂದಿದೆ. ಎರಡು ವರ್ಷದವರೆಗೆ ಸಾದಾ ಸಜೆ ಅಥವಾ ದಂಡ, ಇಲ್ಲವೇ ಸಮುದಾಯ ಸೇವೆಯ ಶಿಕ್ಷೆಗೆ ಅವಕಾಶವಿದೆ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ ಮಾನನಷ್ಟವಾಗದು ಎಂಬ ವಿನಾಯಿತಿ ಇದೆಯಾದರೂ ಅದನ್ನು ಸಾಬೀತು ಮಾಡಬೇಕಾದವರು ಆರೋಪಿಗಳೇ. ಹೊಲಿಗೆ ಯಂತ್ರದ ಮುಂದೆ ಕುಳಿತ ಮಹಿಳೆ 'ಸೂಪರ್‌ವೈಸರ್ ಹೊಡೆದ' ಎಂದು ಸಂಘಕ್ಕೆ ಹೇಳಿದರೆ ಅದಕ್ಕೆ ಪುರಾವೆ ಎಲ್ಲಿಂದ ಬರಬೇಕು? ಸಾಕ್ಷಿ ಹೇಳಬೇಕಾದವರು ಪಕ್ಕದ ಯಂತ್ರದವರು. ಅವರೂ ಅದೇ ಸಂಬಳ ನಂಬಿ ಬದುಕುವವರು.

ಏಳು ಸಮುದ್ರ ದಾಟಿದ ವಾರಂಟು

ಬೆಂಗಳೂರಿನ ಪ್ರಕರಣ ಇಲ್ಲಿಗೇ ನಿಂತಿದ್ದರೆ ಊರಾಚೆ ಯಾರಿಗೂ ತಿಳಿಯುತ್ತಿರಲಿಲ್ಲ. ಸ್ಥಳೀಯರು ಮಾತಾಡಲಾಗದ ಕಾರಣ ನೆದರ್ಲೆಂಡ್ಸಿನ ಕ್ಲೀನ್ ಕ್ಲೋತ್ಸ್ ಕ್ಯಾಂಪೇನ್ ಮತ್ತು ಇಂಡಿಯಾ ಕಮಿಟಿ ಆಫ್ ದ ನೆದರ್ಲೆಂಡ್ಸ್ ಎಂಬ ಸಂಸ್ಥೆಗಳು ವಿಷಯವನ್ನು ಕೈಗೆತ್ತಿಕೊಂಡವು. ಕಂಪನಿಯಿಂದ ಜೀನ್ಸ್ ಖರೀದಿಸುತ್ತಿದ್ದ ಡಚ್ ಬ್ರಾಂಡ್ ಜಿ-ಸ್ಟಾರ್ ತನ್ನ ಹೊಣೆ ನಿಭಾಯಿಸುತ್ತಿಲ್ಲವೆಂದು ಅವು 2006ರಲ್ಲಿಯೇ ಅಲ್ಲಿನ ಸರಕಾರದ ಸಂಪರ್ಕ ಕೇಂದ್ರಕ್ಕೆ ದೂರು ಕೊಟ್ಟವು. ಬಹುರಾಷ್ಟ್ರೀಯ ಕಂಪನಿಗಳಿಗಾಗಿ ಒಇಸಿಡಿ ರೂಪಿಸಿರುವ ಮಾರ್ಗಸೂಚಿಗಳ ಅಡಿಯಲ್ಲಿ ಸದಸ್ಯ ದೇಶಗಳು ಇಂಥ ಕೇಂದ್ರಗಳನ್ನು ನಡೆಸುತ್ತವೆ. ಅವು ಶಿಕ್ಷೆ ವಿಧಿಸುವುದಿಲ್ಲ, ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತವೆ.

ಕಂಪನಿ ಸುಮ್ಮನಿರಲಿಲ್ಲ. 2007ರಲ್ಲಿ ಆ ಡಚ್ ಸಂಸ್ಥೆಗಳವರ ಮೇಲೆ ಮಾತ್ರವಲ್ಲ, ಅವರಿಗೆ ಅಂತರಜಾಲ ಸೇವೆ ನೀಡುತ್ತಿದ್ದ ಎರಡು ಕಂಪನಿಗಳವರ ಮೇಲೂ ಬೆಂಗಳೂರಿನಲ್ಲಿ ಕ್ರಿಮಿನಲ್ ಪ್ರಕರಣ ಹೂಡಿತು. ಮಾನನಷ್ಟ, ಸೈಬರ್ ಅಪರಾಧ, ಜನಾಂಗೀಯ ದ್ವೇಷ ಇವು ಆರೋಪಗಳು. ಏಳು ಮಂದಿ ಹಾಜರಾಗಬೇಕೆಂದು ಸಮನ್ಸ್ ಹೋಯಿತು, ವರ್ಷದ ಕೊನೆಯ ಹೊತ್ತಿಗೆ ಬಂಧನ ವಾರಂಟೇ ಹೊರಟಿತು. ಅಂಚೆಯವನು ಪತ್ರ ತಲುಪಿಸಿದ್ದಕ್ಕೆ ಅವನನ್ನೂ ಆರೋಪಿಯಾಗಿಸಿದಂತೆ ಎಂದು ಇಂಟರ್‌ನೆಟ್ ಸೇವಾ ಕಂಪನಿಗಳ ಪಾಡನ್ನು ಬಣ್ಣಿಸಬಹುದೇನೋ.

ಇಲ್ಲಿಂದ ಮುಂದೆ ನಡೆದದ್ದು ಗಮನಿಸಬೇಕಾದ ಸಂಗತಿ. 2007ರ ಕೊನೆಯಲ್ಲಿ ಜಿ-ಸ್ಟಾರ್ ಈ ಕಂಪನಿಯಿಂದ ಖರೀದಿ ನಿಲ್ಲಿಸುವುದಾಗಿ ಪ್ರಕಟಿಸಿತು. ದೂರದಿಂದ ನೋಡುವವರಿಗೆ ಇದು ಕಾರ್ಮಿಕರ ಗೆಲುವಿನಂತೆ ಕಂಡಿರಬಹುದು. ಆದರೆ ಆರ್ಡರ್ ಹೋದರೆ ಮೊದಲು ಗೇಟಿನ ಹೊರಗೆ ನಿಲ್ಲುವವಳು ಮಂಡ್ಯ, ರಾಮನಗರ, ತುಮಕೂರು ಕಡೆಯಿಂದ ಬಂದು ಬಾಡಿಗೆ ಕೋಣೆಯಲ್ಲಿ ಬದುಕುವ ಟೈಲರ್. ಖರೀದಿದಾರ ಹೊರಟುಹೋಗುವುದನ್ನು ಪ್ರಚಾರ ನಡೆಸಿದ ಸಂಸ್ಥೆಗಳೂ ಬಯಸಿರಲಿಲ್ಲ. ಅಲ್ಲೇ ಇದ್ದು ಪ್ರಭಾವ ಬೀರಬೇಕೆಂಬುದು ಅವುಗಳ ಬೇಡಿಕೆಯಾಗಿತ್ತು.

ಕೊನೆಗೆ ನೆದರ್ಲೆಂಡ್ಸಿನ ಮಾಜಿ ಪ್ರಧಾನಿ ರೂಡ್ ಲುಬ್ಬರ್ಸ್ ಮಧ್ಯಸ್ಥಿಕೆ ವಹಿಸಿದರು. 2008ರ ಜನವರಿ ಕೊನೆಯಲ್ಲಿ ರಾಜಿಯಾಯಿತು. ಕಂಪನಿ ಮೊಕದ್ದಮೆಗಳನ್ನು ಹಿಂದೆಗೆಯಿತು, ಡಚ್ ಸಂಸ್ಥೆಗಳು ಪ್ರಚಾರ ನಿಲ್ಲಿಸಿದವು, ಜಿ-ಸ್ಟಾರ್ ಮತ್ತೆ ಆರ್ಡರ್ ನೀಡಲು ಒಪ್ಪಿತು. ಕಾರ್ಮಿಕರ ದೂರುಗಳನ್ನು ಆಲಿಸಲು ಸ್ವತಂತ್ರ ಒಂಬುಡ್ಸ್‌ಮನ್ ನೇಮಕಕ್ಕೆ ಒಪ್ಪಿಗೆಯಾಯಿತು. ಗಮನಿಸಿ, ಒಂದೂವರೆ ವರ್ಷ ನ್ಯಾಯಾಲಯದಲ್ಲಿ ಬಗೆಹರಿಯದ ವ್ಯಾಜ್ಯ ಖರೀದಿದಾರ ಮನಸ್ಸು ಮಾಡಿದ ಮೇಲೆ ಕೆಲವೇ ವಾರಗಳಲ್ಲಿ ಮುಗಿಯಿತು. ಆರೋಪಗಳ ಸತ್ಯಾಸತ್ಯತೆ ಮಾತ್ರ ಕಟಕಟೆಯಲ್ಲಿ ತೀರ್ಮಾನವಾಗಲೇ ಇಲ್ಲ.

ಸರಕಾರವೇ ಫಿರ್ಯಾದಿಯಾದಾಗ

ಕಂಪನಿಗಳು ಹೂಡುವ ದಾವೆ ಒಂದು ಬಗೆ. ಪೊಲೀಸರೇ ಮೊಕದ್ದಮೆ ಹಾಕುವುದು ಇನ್ನೊಂದು ಬಗೆ. ಉಡುಪು ರಫ್ತನ್ನೇ ನೆಚ್ಚಿಕೊಂಡ ನೆರೆಹೊರೆಯ ದೇಶಗಳಲ್ಲಿ ಎರಡನೆಯದೇ ಹೆಚ್ಚು.

ಬಾಂಗ್ಲಾದೇಶದ ರಾಜಧಾನಿ ಢಾಕಾ ಸಮೀಪದ ಅಶುಲಿಯಾದಲ್ಲಿ 2016ರ ಡಿಸೆಂಬರ್‌ನಲ್ಲಿ ವೇತನ ಹೆಚ್ಚಳಕ್ಕಾಗಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅಂದಿನ ಕನಿಷ್ಠ ವೇತನ ತಿಂಗಳಿಗೆ 5,300 ಟಾಕಾ. ಬೇಡಿಕೆಗೆ ಉತ್ತರವಾಗಿ ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು, ಹಲವಾರು ಕಾರ್ಮಿಕ ಮುಖಂಡರು ಜೈಲು ಸೇರಿದರು. ಅಲ್ಲಿನ ಮೊಕದ್ದಮೆಗಳಲ್ಲಿ ಹೆಸರು ನಮೂದಿಸದೆ 'ಅಪರಿಚಿತ ಆರೋಪಿಗಳು' ಎಂದು ನೂರಾರು ಜನರನ್ನು ಸೇರಿಸುವುದು ವಾಡಿಕೆ. ಹೆಸರಿಲ್ಲದ ಪಟ್ಟಿಯಲ್ಲಿ ಮುಂದೆ ಯಾರ ಹೆಸರನ್ನಾದರೂ ತುಂಬಬಹುದು. ಆದ್ದರಿಂದ ಆ ಪಟ್ಟಿ ಇರುವ ತನಕ ಕಾರ್ಖಾನೆಯ ಪ್ರತಿಯೊಬ್ಬರಿಗೂ ಭಯ. 2017ರ ಫೆಬ್ರುವರಿಯಲ್ಲಿ ಎಚ್ ಅಂಡ್ ಎಂ, ಇಂಡಿಟೆಕ್ಸ್, ಸಿ ಅಂಡ್ ಎ ಮೊದಲಾದ ಖರೀದಿದಾರರು ಢಾಕಾದ ಉಡುಪು ಶೃಂಗಸಭೆಗೆ ಬರುವುದಿಲ್ಲ ಎಂದರು. ಅದೇ ದಿನಗಳಲ್ಲಿ ಬಂಧಿತರ ಬಿಡುಗಡೆಗೆ ಒಪ್ಪಂದವೂ ಏರ್ಪಟ್ಟಿತು. ಆದರೆ ಪಾಠ ಬಹುಕಾಲ ನೆನಪಿನಲ್ಲಿ ಉಳಿದಂತಿಲ್ಲ. 2023ರ ಅಕ್ಟೋಬರ್-ನವೆಂಬರ್‌ನಲ್ಲಿ 23,000 ಟಾಕಾ ವೇತನಕ್ಕೆ ಹೋರಾಟ ನಡೆದಾಗ ನಾಲ್ವರು ಕಾರ್ಮಿಕರು ಸತ್ತರು, ಮತ್ತೆ ಸಹಸ್ರಾರು 'ಅಪರಿಚಿತರ' ಮೇಲೆ ಮೊಕದ್ದಮೆಗಳು ದಾಖಲಾದವು. ಸಿಕ್ಕಿದ್ದು 12,500 ಟಾಕಾ.

ಕಾಂಬೋಡಿಯಾದ ಕತೆ ಇನ್ನೂ ಸೂಕ್ಷ್ಮವಾದದ್ದು. ಅಲ್ಲಿ 2014ರ ಜನವರಿಯ ವೇತನ ಮುಷ್ಕರದಲ್ಲಿ ಗುಂಡೇಟಿಗೆ ಕನಿಷ್ಠ ನಾಲ್ವರು ಬಲಿಯಾದರು, 23 ಮಂದಿ ಬಂಧಿತರಾದರು. ಅದೇ ಮುಷ್ಕರಗಳ ಸಂಬಂಧ ಆರು ಮಂದಿ ಸಂಘದ ಮುಖಂಡರ ಮೇಲೆ ಹೂಡಿದ ಪ್ರಕರಣದ ತೀರ್ಪು ಬಂದದ್ದು 2018ರ ಡಿಸೆಂಬರ್‌ನಲ್ಲಿ. ಶಿಕ್ಷೆಯನ್ನು ಅಮಾನತಿನಲ್ಲಿಟ್ಟದ್ದರಿಂದ ಯಾರೂ ಜೈಲಿಗೆ ಹೋಗಲಿಲ್ಲ. ಆದರೆ 2016ರ ಕಾರ್ಮಿಕ ಸಂಘ ಕಾನೂನಿನ ಪ್ರಕಾರ ಅಪರಾಧ ಸಾಬೀತಾದವರು ಸಂಘದ ಪದಾಧಿಕಾರಿಯಾಗುವಂತಿರಲಿಲ್ಲ. ಜೈಲಿಗೆ ಕಳಿಸದೆಯೇ ಸಂಘದ ತಲೆ ಕತ್ತರಿಸುವ ವಿಧಾನವಿದು. ಖರೀದಿದಾರ ದೇಶಗಳ ಒತ್ತಡ ಹೆಚ್ಚುತ್ತಿದ್ದ ಕಾಲದಲ್ಲಿ, 2019ರ ಮೇ ತಿಂಗಳಲ್ಲಿ, ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ರದ್ದುಪಡಿಸಿತು.

ಬೆಂಗಳೂರು ಕೂಡ ಈ ಅನುಭವಕ್ಕೆ ಹೊರತಲ್ಲ. ಭವಿಷ್ಯನಿಧಿಯ ಹಣ ಹಿಂಪಡೆಯುವುದಕ್ಕೆ ನಿರ್ಬಂಧ ಹೇರಿದ ಕೇಂದ್ರದ ನಿಯಮದ ವಿರುದ್ಧ 2016ರ ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆ, ಪೀಣ್ಯ ಕಡೆಗಳಲ್ಲಿ ಗಾರ್ಮೆಂಟ್ ಮಹಿಳೆಯರು ಯಾವ ಸಂಘದ ಕರೆಯೂ ಇಲ್ಲದೆ ಬೀದಿಗಿಳಿದದ್ದು ಓದುಗರಿಗೆ ನೆನಪಿರಬಹುದು. ನಿಯಮ ಎರಡೇ ದಿನಗಳಲ್ಲಿ ವಾಪಸಾಯಿತು. ಗಲಭೆಯ ಆರೋಪದ ಮೊಕದ್ದಮೆಗಳು ಅಷ್ಟು ಬೇಗ ವಾಪಸಾಗಲಿಲ್ಲ.

ಬ್ರಾಂಡಿನ ಹೊಣೆ ಎಂದರೇನು?

ದೊಡ್ಡ ಬ್ರಾಂಡುಗಳೆಲ್ಲ 'ನೀತಿ ಸಂಹಿತೆ' ಇಟ್ಟುಕೊಂಡಿವೆ. ಸಂಘ ಕಟ್ಟುವ ಸ್ವಾತಂತ್ರ್ಯ ಅದರಲ್ಲಿ ತಪ್ಪದೆ ಇರುತ್ತದೆ. ಅದು ಪಾಲನೆಯಾಗುತ್ತಿದೆಯೇ ಎಂದು ನೋಡಲು ಲೆಕ್ಕಪರಿಶೋಧನೆಯ ಮಾದರಿಯಲ್ಲಿ 'ಸಾಮಾಜಿಕ ಆಡಿಟ್' ನಡೆಯುತ್ತದೆ. ಆಡಿಟಿನವರು ಬರುವ ದಿನ ಕಾರ್ಖಾನೆಯ ಶೌಚಾಲಯಕ್ಕೆ ಸಾಬೂನು ಬರುತ್ತದೆ ಎಂಬುದು ಗಾರ್ಮೆಂಟ್ ಮಹಿಳೆಯರ ನಡುವಿನ ಹಳೆಯ ನಗೆಚಾಟಿಕೆ. ನಗೆಯಾಚೆಗಿನ ಸತ್ಯ ಕರಾಚಿಯಲ್ಲಿ ಬಯಲಾಯಿತು. ಅಲ್ಲಿನ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ 2012ರ ಆಗಸ್ಟಿನಲ್ಲಿ ಎಸ್ಎ 8000 ಎಂಬ ಪ್ರತಿಷ್ಠಿತ ಪ್ರಮಾಣಪತ್ರ ದೊರೆತಿತ್ತು. ಸೆಪ್ಟೆಂಬರ್ 11ರಂದು ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸುಟ್ಟು ಸತ್ತರು. ಬಾಗಿಲಿಗೆ ಬೀಗವಿದೆ ಎಂದು ಹೇಳಬಲ್ಲವರು ಒಳಗಿನವರು ಮಾತ್ರ. ಅವರ ಬಾಯಿಗೇ ಬೀಗ ಹಾಕಿದರೆ ಉಳಿಯುವುದು ಪ್ರಮಾಣಪತ್ರ.

ಮಾಲೀಕರ ಅಳಲಿನಲ್ಲಿಯೂ ಹುರುಳಿಲ್ಲದಿಲ್ಲ. ಸಂಹಿತೆ ಕೈಗಿಟ್ಟ ಬ್ರಾಂಡೇ ಮರುದಿನ ಬೆಲೆ ಇಳಿಸಲು ಜಗ್ಗುತ್ತದೆ, ಸರಕು ತಲುಪಿಸುವ ಗಡುವು ಹಿಂದಕ್ಕೆ ತರುತ್ತದೆ, ಒಂದು ದೂರು ಬಂದರೆ ಆರ್ಡರನ್ನು ಬಾಂಗ್ಲಾಕ್ಕೋ ವಿಯೆಟ್ನಾಮಿಗೋ ಒಯ್ಯುತ್ತದೆ. ಹೀಗಿರುವಾಗ ದೂರು ಹೊರಗೆ ಹೋಗದಂತೆ ತಡೆಯುವುದೇ ಮಾಲೀಕನಿಗೆ ಲಾಭದ ದಾರಿಯಾಗಿ ಕಾಣುತ್ತದೆ. ಅಂದರೆ ತಡೆಯಾಜ್ಞೆಗೆ ಪ್ರೇರಣೆ ನೀಡುವುದರಲ್ಲಿ ಖರೀದಿದಾರನ ಪಾಲೂ ಇದೆ.

ವಿಶ್ವಸಂಸ್ಥೆ 2011ರಲ್ಲಿ ಅಂಗೀಕರಿಸಿದ ಮಾರ್ಗದರ್ಶಿ ತತ್ವಗಳು ಹೇಳುವುದು ಇದನ್ನೇ. ತಾನು ನೇರವಾಗಿ ಮಾಡದಿದ್ದರೂ ತನ್ನ ವ್ಯಾಪಾರ ಸಂಬಂಧದಿಂದ ಹಾನಿಯಾಗುತ್ತಿದ್ದರೆ ಅದನ್ನು ತಡೆಯಲು ಕಂಪನಿ ತನ್ನ ಪ್ರಭಾವ ಬಳಸಬೇಕು. ಒಇಸಿಡಿ ಮಾರ್ಗಸೂಚಿಗಳನ್ನು 2023ರಲ್ಲಿ ಪರಿಷ್ಕರಿಸಿದಾಗ ದನಿಯೆತ್ತಿದವರ ಮೇಲೆ ಸೇಡು ತೀರಿಸಿಕೊಳ್ಳಬಾರದೆಂಬ ಮಾತನ್ನೂ ಸೇರಿಸಲಾಯಿತು. ಇವೆಲ್ಲ ಸದಿಚ್ಛೆಯ ಮಾತುಗಳು. ಇವುಗಳಿಗೆ ಕಾನೂನಿನ ಹಲ್ಲು ಕೊಡಲು ಐರೋಪ್ಯ ಒಕ್ಕೂಟ 2024ರಲ್ಲಿ ನಿರ್ದೇಶನವೊಂದನ್ನು ಅಂಗೀಕರಿಸಿತಾದರೂ ಉದ್ಯಮಗಳ ಒತ್ತಡದಿಂದ ಮರುವರ್ಷವೇ ಅದರ ಜಾರಿಯನ್ನು ಮುಂದೂಡಿತು.

ಒಪ್ಪಂದಕ್ಕೆ ಹಲ್ಲಿರಬೇಕೆಂದರೆ ಏನು ಮಾಡಬೇಕೆಂಬುದಕ್ಕೆ ಪಕ್ಕದ ತಮಿಳುನಾಡಿನಲ್ಲೊಂದು ಮಾದರಿಯಿದೆ. ದಿಂಡಿಗಲ್ ಬಳಿಯ ಕಾರ್ಖಾನೆಯೊಂದರ ಯುವತಿ 2021ರ ಜನವರಿಯಲ್ಲಿ ಕೊಲೆಯಾದ ಬಳಿಕ ನಡೆದ ಹೋರಾಟದ ಫಲವಾಗಿ 2022ರ ಏಪ್ರಿಲ್‌ನಲ್ಲಿ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಮತ್ತು ದಲಿತ ಮಹಿಳೆಯರೇ ಮುಂದಾಳುಗಳಾಗಿರುವ ಕಾರ್ಮಿಕ ಸಂಘದ ನಡುವೆ ಒಪ್ಪಂದವಾಯಿತು. ಎಚ್ ಅಂಡ್ ಎಂ ಜತೆಗೂ ಸಹಿ ಬಿತ್ತು, ಗ್ಯಾಪ್ ಮತ್ತು ಪಿವಿಎಚ್ ಕಂಪನಿಗಳೂ ಕೈಜೋಡಿಸಿದವು. ದೂರು ಕೊಟ್ಟವರ ಮೇಲೆ ಸೇಡಿನ ಕ್ರಮ ನಿಷಿದ್ಧ, ಮಾಲೀಕ ಮಾತು ತಪ್ಪಿದರೆ ಬ್ರಾಂಡು ವ್ಯಾಪಾರದ ಮೂಲಕ ಒತ್ತಡ ಹೇರಲೇಬೇಕು ಎಂಬುದು ಅಲ್ಲಿ ಕೇವಲ ಸದಿಚ್ಛೆಯಾಗಿರದೆ ಕರಾರಾಗಿತ್ತು. ನಮ್ಮಲ್ಲಿಯೂ 2018ರಲ್ಲಿ ಶಾಹಿ ಎಕ್ಸ್‌ಪೋರ್ಟ್ಸ್‌ನ ಬೆಂಗಳೂರು ಘಟಕವೊಂದರಲ್ಲಿ ಬೇಡಿಕೆ ಪತ್ರ ಸಲ್ಲಿಸಿದವರ ಮೇಲೆ ಹಲ್ಲೆ ನಡೆದಿದೆಯೆಂದು ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ವರದಿ ನೀಡಿದಾಗ, ಖರೀದಿದಾರರ ಮಧ್ಯಪ್ರವೇಶದ ಬಳಿಕ 15 ಮಂದಿ ಮತ್ತೆ ಕೆಲಸಕ್ಕೆ ಮರಳಿದ್ದರು, ಸಂಘದೊಂದಿಗೆ ಒಡಂಬಡಿಕೆಯೂ ಆಗಿತ್ತು.

ನೋಟಿಸು ಬಂದರೆ

ಭಾರತದಲ್ಲಿ ಸ್ಲ್ಯಾಪ್ ದಾವೆಗಳನ್ನು ತಡೆಯುವ ಪ್ರತ್ಯೇಕ ಕಾನೂನು ಇಲ್ಲ. ಆದರೆ ಸುಪ್ರೀಂ ಕೋರ್ಟು 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಮತ್ತು ಝೀ ನಡುವಿನ ಪ್ರಕರಣದಲ್ಲಿ ನೀಡಿದ ಆದೇಶ ಉಪಯುಕ್ತವಾದುದು. ವಿಚಾರಣೆಗೆ ಮುನ್ನವೇ ಪ್ರಕಟಣೆಗೆ ತಡೆಯೊಡ್ಡುವುದು ತೀರಾ ಅಪರೂಪದ ಸಂದರ್ಭಗಳಲ್ಲಿ ಮಾತ್ರ ಆಗಬೇಕು, ಹಣಬಲವುಳ್ಳವರು ದಾವೆಯನ್ನೇ ಬಾಯಿಮುಚ್ಚಿಸುವ ಸಾಧನವಾಗಿ ಬಳಸುವ ಅಪಾಯವನ್ನು ಕೆಳ ನ್ಯಾಯಾಲಯಗಳು ನೆನಪಿಡಬೇಕು ಎಂದು ಅದು ಎಚ್ಚರಿಸಿದೆ. ಅದು ಪತ್ರಿಕಾ ಬರಹದ ಪ್ರಕರಣವಾದರೂ ಸಂಘದ ಕರಪತ್ರದ ಪರವಾಗಿ ವಾದಿಸುವ ವಕೀಲರಿಗೆ ಆಧಾರವಾಗಬಲ್ಲದು.

ಇದಕ್ಕಿಂತ ಸರಳವಾದ ಉಪಾಯವೊಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 148-ಎ ಕಲಮಿನಲ್ಲಿದೆ. ತಮ್ಮ ಮೇಲೆ ದಾವೆ ಬರಬಹುದೆಂಬ ಸುಳಿವು ಸಿಕ್ಕ ಸಂಘ ಮುಂಚಿತವಾಗಿ ಕೇವಿಯಟ್ ಸಲ್ಲಿಸಬಹುದು. ಆಗ ಸಂಘಕ್ಕೆ ತಿಳಿಸದೆ ಏಕಪಕ್ಷೀಯ ಆಜ್ಞೆ ಪಡೆಯಲಾಗದು. ಇದು 90 ದಿನ ಊರ್ಜಿತ, ಬಳಿಕ ಹೊಸದಾಗಿ ಸಲ್ಲಿಸಬೇಕು. ಈಗಾಗಲೇ ಆಜ್ಞೆಯಾಗಿದ್ದರೆ ಅದನ್ನು ತೆರವುಗೊಳಿಸಲು 39ನೇ ಆದೇಶದ 4ನೇ ನಿಯಮದಡಿ ಅರ್ಜಿ ಹಾಕಬಹುದು. ವಕೀಲರ ಖರ್ಚು ಭರಿಸಲಾಗದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮು ಉಚಿತ ನೆರವಿನ ಹಕ್ಕು ನೀಡಿದೆ. ಮಹಿಳೆಯರು ಮತ್ತು ಕೈಗಾರಿಕಾ ಕಾರ್ಮಿಕರು ಆ ಪಟ್ಟಿಯಲ್ಲಿದ್ದಾರೆ, ಮಹಿಳೆಯರಿಗೆ ಆದಾಯದ ಮಿತಿ ಇಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು.